ಹನ್ನೊಂದನೆಯ ಷರತ್ತು

ಹತ್ತನೆಯ ಷರತ್ತಿನವರೆಗೆ ಉಚ್ಚೆಂಗಪ್ಪನ ಕಣ್ಣು ಎಲ್ಲಿಯೂ ನಿಲ್ಲಲಿಲ್ಲ. ನಿಲ್ಲುವ ಅಗತ್ಯವೂ ಇರಲಿಲ್ಲ. ಕಂಪ್ಯೂಟರಿನಲ್ಲಿ ನಮೂನೆ ಸಿದ್ಧವಿತ್ತು. ಮಾಲಕನ ಹೆಸರು, ಬಾಡಿಗೆದಾರನ ಹೆಸರು, ನಾಲ್ಕು ದಿಕ್ಕಿನ ಚೆಕ್ಕುಬಂದಿ, ತಾರೀಖು ಇಷ್ಟನ್ನು ಬದಲಿಸಿದರೆ ಹನ್ನೊಂದು ತಿಂಗಳ ಕರಾರು ಪತ್ರ ಮುಗಿಯುತ್ತಿತ್ತು. ಸಂಡೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಈ ಮಳಿಗೆಯಲ್ಲಿ ಇಪ್ಪತ್ತಾರು ವರ್ಷ ಪತ್ರ ಬರೆದವನಿಗೆ ಅದು ನಿದ್ದೆಯಲ್ಲಿಯೂ ಬರುತ್ತಿತ್ತು. ಆದರೆ ಇವತ್ತು ಹನ್ನೊಂದನೆಯ ಷರತ್ತಿನ ಮೇಲೆ ಬಾಣದ ಗುರುತು ಬಂದು ನಿಂತದ್ದು ನಿಂತೇ ಇತ್ತು. 'ಬಾಡಿಗೆದಾರರು ಸದರಿ ಮನೆಯಲ್ಲಿ ಕಟ್ಟಿಗೆ ಒಲೆ, ಇದ್ದಿಲು, ಕೆಂಡ, ನೀರು ಕಾಯಿಸುವ ವಿದ್ಯುತ್ ಸಲಾಕೆ ಇತ್ಯಾದಿ ಯಾವುದೇ ಶಾಖೋಪಕರಣವನ್ನು ಬಳಸತಕ್ಕದ್ದಲ್ಲ ಹಾಗೂ ಬಾಣಂತನ ಮುಂತಾದ ಹೊಗೆ-ನೀರಿನ ಕಾರ್ಯಗಳನ್ನು ನಡೆಸತಕ್ಕದ್ದಲ್ಲ.' ಎದುರಿಗೆ ಕುಳಿತಿದ್ದ ಮನೆ ಮಾಲಕ ವಾಚು ನೋಡಿಕೊಂಡು, "ಜಲ್ದಿ ಮುಗಿಸ್ರಿ ಉಚ್ಚೆಂಗಪ್ಪನೋರೇ, ರಾಹುಕಾಲ ಬರ್ತೈತಿ" ಎಂದ. ಬಾಡಿಗೆಗೆ ಬರುವವನು ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದ ಹುಡುಗ. ಅವನು ಮೊಬೈಲಿನಲ್ಲಿ ಏನನ್ನೋ ನೋಡುತ್ತ ನಗುತ್ತಿದ್ದ. ಉಚ್ಚೆಂಗಪ್ಪ ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ತಣ್ಣಗಾಗಿತ್ತು. ಈ ಹದಿಮೂರು ದಿನಗಳಿಂದ ಕೈಗೆ ಸಿಕ್ಕಿದ್ದು ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ಮುಟ್ಟಿ ನೋಡುವುದು ಅವನಿಗೆ ಚಟವಾಗಿಬಿಟ್ಟಿತ್ತು.

ಮಗಳು ಪೂಜಿತಾ ಹೆತ್ತು ಹದಿಮೂರು ದಿನ. ಹೆಣ್ಣು ಕೂಸು, ಎರಡು ಕೆಜಿ ನೂರು ಗ್ರಾಂ. ಮೊದಲ ಆರು ದಿನ ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯ ದೀಪದ ಕೆಳಗೆ ಇಟ್ಟುಕೊಂಡಿದ್ದರು. ಬಿಟ್ಟುಕೊಡುವಾಗ ನರ್ಸು, ಹೊಗೆ ಹಾಕಬೇಡಿ, ಅದು ಕೂಸಿನ ಎದೆಗೆ ಒಳ್ಳೆಯದಲ್ಲ, ಆದರೆ ಕೋಣೆ ಬೆಚ್ಚಗಿರಬೇಕು, ತಾಯಿಗೂ ಥಂಡಿ ತಾಗಬಾರದು ಎಂದು ಎರಡೆರಡು ಸಲ ಹೇಳಿದ್ದಳು. ಬೆಚ್ಚಗಿರಬೇಕು ಎನ್ನುವುದು ಎಷ್ಟು ಸುಲಭವಾದ ಮಾತು. ಉಚ್ಚೆಂಗಪ್ಪ ಬಾಡಿಗೆಗೆ ಇರುವುದು ವಿರೂಪಾಕ್ಷಪ್ಪನವರ ಮನೆಯ ಕೆಳಗಿನ ಭಾಗದಲ್ಲಿ. ಬಡಗು ಮುಖದ ಕೋಣೆ, ಕೆಳಗೆ ಗ್ರಾನೈಟು. ಊರ ಸುತ್ತ ಗುಡ್ಡಗಳಿರುವುದರಿಂದ ಈ ಜನವರಿಯಲ್ಲಿ ಬಿಸಿಲು ಅಂಗಳಕ್ಕೆ ಇಳಿಯುವುದೇ ಒಂಬತ್ತರ ಮೇಲೆ, ಆ ಕೋಣೆಗಂತೂ ಇಳಿಯುವುದೇ ಇಲ್ಲ. ಗೋಡೆ ಮುಟ್ಟಿದರೆ ನೀರು ತುಂಬಿದ ಕೊಡದ ಹೊಟ್ಟೆ ಮುಟ್ಟಿದಂತೆ. ಮೇಲೆ ಮಾಲಕರ ಮಹಡಿಯಲ್ಲಿ ಸೋಲಾರ್ ಇದೆ, ಅದರ ಪೈಪು ಕೆಳಗಿನ ಬಚ್ಚಲಿಗೂ ಬಂದಿದೆ, ನಲ್ಲಿಯ ಮೇಲೆ ಕೆಂಪು ಗುಂಡಿಯೂ ಇದೆ. ತಿರುಗಿಸಿದರೆ ಗಾಳಿ ಬರುತ್ತದೆ. ಮೆಟ್ಟಿಲ ಪಕ್ಕದಲ್ಲಿ ವಾಲ್ವಿಗೆ ವಿರೂಪಾಕ್ಷಪ್ಪ ಬೀಗ ಹಾಕಿದ್ದಾರೆ. ಇಷ್ಟು ದಿನ ಗ್ಯಾಸಿನ ಮೇಲೆ ಪಾತ್ರೆ ಪಾತ್ರೆ ಕಾಯಿಸಿದ್ದಾಯಿತು. ಎರಡನೆಯ ಪಾತ್ರೆ ಕಾಯುವಷ್ಟರಲ್ಲಿ ಮೊದಲನೆಯದು ಆರುತ್ತಿತ್ತು. ಬಾಣಂತಿಗೆ ಎರೆಯುವುದೆಂದರೆ ಹಂಡೆಗಟ್ಟಲೆ ಕುದಿನೀರು ಬೇಕು, ಬೆನ್ನು ಕೆಂಪಾಗಬೇಕು ಎಂದು ಹೆಂಡತಿ ಶೈಲಶ್ರೀ ಕಣ್ಣೀರು ಹಾಕುತ್ತಿದ್ದಳು. ಮೂರು ದಿನದ ಹಿಂದೆ ಸಿಲಿಂಡರು ಮುಗಿಯಿತು. ಬುಕ್ ಮಾಡಿದ್ದು ಬಂದಿಲ್ಲ. ಮೇಲಿನ ಮುದುಕಮ್ಮ, ವಿರೂಪಾಕ್ಷಪ್ಪನವರ ಹೆಂಡತಿ, ಎರಡು ದಿನ ಗುಟ್ಟಾಗಿ ಒಂದೊಂದು ಬಕೆಟ್ ಬಿಸಿನೀರು ಕೊಟ್ಟಳು. ಆ ಬಕೆಟನ್ನು ಉಚ್ಚೆಂಗಪ್ಪನೇ ಮೆಟ್ಟಿಲಿಳಿಸಿ ತಂದ. ಲುಂಗಿ ಎತ್ತಿ ಕಟ್ಟಿಕೊಂಡು, ಚೆಲ್ಲದ ಹಾಗೆ, ಕಳ್ಳನ ಹಾಗೆ. ಮೂರನೆಯ ದಿನ ಆಕೆ ಬಾಗಿಲ ಸಂದಿಯಿಂದಲೇ, "ನಮ್ಮನ್ಯಾಗ ಬೈತಾರ್ರಿ. ನಿನ್ನಿ ಬಕೆಟ್ ವಾಪಸ್ ಕೊಟ್ಟಿಲ್ಲ ನೋಡ್ರಿ ನೀವು" ಎಂದಳು.

ಎಮ್ಮಿಗನೂರಿನಿಂದ ಬೀಗತಿಯ ಫೋನು ದಿನವೂ ಬರುತ್ತಿತ್ತು. "ನಿಮ್ಮ ಮನ್ಯಾಗ ನೀರಿಗೆ ತ್ರಾಸಾದ್ರ ಹೇಳ್ರಿ, ನಾವು ಕಾರ್ ತಗೊಂಡು ಬರ್ತೀವಿ. ನಮ್ಮಲ್ಲಿ ಉರಿ ಹಾಕಾಕ ಕಬ್ಬಿನ ಸೋಗಿ ಐತಿ, ಹಂಡೆ ಐತಿ." ಅದರಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು. ಚೊಚ್ಚಲ ಬಾಣಂತನವನ್ನು ತವರಿನಲ್ಲಿ ಮಾಡಲಾಗದೆ ಹಸಿ ಮೈಯ ಮಗಳನ್ನು, ಅಂಗೈಯಷ್ಟು ಕೂಸನ್ನು, ಈ ಚಳಿಯಲ್ಲಿ ಎರಡು ತಾಸಿನ ದಾರಿಗೆ ಹತ್ತಿಸಿ ಕಳಿಸಿದ ಅಪ್ಪ ಎನ್ನಿಸಿಕೊಳ್ಳುವುದು ಹೇಗೆ? ನಾಳೆಯವರೆಗೆ ನೋಡೋಣ ಎಂದು ಶೈಲಶ್ರೀ ನಿನ್ನೆ ಹೇಳಿದ್ದಳು. ನಿನ್ನೆಯ ನಾಳೆ ಇವತ್ತು.

"ಹನ್ನೊಂದನೇದು ಹಂಗಾ ಇರ್ಲಿ ಅಲ್ರಿ?" ಎಂದು ಅವನು ಎದುರಿನ ಮಾಲಕನನ್ನು ಕೇಳಿದ. ಯಾಕೆ ಕೇಳಿದನೋ. ಮಾಲಕ ಆಶ್ಚರ್ಯದಿಂದ ನೋಡಿದ. "ಯಾಕ್ರಿ, ಎಲ್ಲಾರ್ದಕ್ಕೂ ಇರ್ತೈತಲ್ಲ ಅದು? ನೀವಾ ಹೇಳಿದ್ರಿ ಹೋದ ವರ್ಷ, ಅದಿಲ್ಲಾಂದ್ರ ಮನಿ ಮಸಿ ಆಕೈತಿ ಅಂತ." ಹೌದು, ಹೇಳಿದ್ದ. ಹೇಳಿದ್ದಷ್ಟೇ ಅಲ್ಲ, ಆ ವಾಕ್ಯವೇ ಅವನದು. ಹದಿನಾಲ್ಕು ವರ್ಷದ ಹಿಂದೆ, ಅದಿರಿನ ಗದ್ದಲ ತಣ್ಣಗಾದ ಮೇಲೆ ಲಾರಿ ಮಾರಿ ಮನೆ ಕಟ್ಟಿಸಿದ್ದ ಗುತ್ತಿಗೆದಾರ ಮೈಲಾರಲಿಂಗಪ್ಪ ಬಂದು, ಹಿಂದಿನ ಬಾಡಿಗೆಯವರು ಗೋಡೆಯೆಲ್ಲ ಕಪ್ಪು ಮಾಡಿ ಹೋದರು, ಹೊಗೆ ಆಗದ ಹಾಗೆ ಒಂದು ಮಾತು ಹಾಕಿ ಎಂದಿದ್ದ. ಅಷ್ಟೇ, ಹೊಗೆ ಆಗದ ಹಾಗೆ. ಇದ್ದಿಲು, ಸಲಾಕೆ, ಬಾಣಂತನ ಇವನ್ನೆಲ್ಲ ಸೇರಿಸಿದ್ದು ಉಚ್ಚೆಂಗಪ್ಪ. ವಾಕ್ಯದಲ್ಲಿ ಸಂದು ಉಳಿಯಬಾರದು ಎಂಬುದು ಅವನ ವೃತ್ತಿಯ ಹೆಮ್ಮೆ. 'ಹೊಗೆ-ನೀರಿನ ಕಾರ್ಯ' ಎಂಬ ಮಾತು ಹೊಳೆದಾಗ ಅವನಿಗೆ ಖುಷಿಯಾಗಿತ್ತು; ಮೈಲಾರಲಿಂಗಪ್ಪ ಓದಿಸಿ ಕೇಳಿ, "ಏನ್ ಬರಿತೀರಿ ಮಾರಾಯ್ರೇ" ಎಂದು ಬೆನ್ನು ತಟ್ಟಿದ್ದ. ಆಮೇಲೆ ಪಕ್ಕದ ಮಳಿಗೆಯವರು ನಕಲು ಮಾಡಿಕೊಂಡರು, ತೋರಣಗಲ್ಲಿನಿಂದ ಬಂದವರು ಒಯ್ದರು, ಹೊಸಪೇಟೆಯ ಪತ್ರವೊಂದರಲ್ಲಿ ಅದನ್ನೇ ಅಕ್ಷರ ಬಿಡದೆ ನೋಡಿದಾಗ ಅವನು ಹೆಂಡತಿಗೆ ಹೇಳಿ ನಕ್ಕಿದ್ದ. ಒಬ್ಬಳು ಮಾತ್ರ, ಯಾವಾಗಲೋ, ತುಂಬಿದ ಬಸುರಿ, ಗಂಡನ ಪಕ್ಕದಲ್ಲಿ ಸಾಕ್ಷಿಗೆ ಸಹಿ ಹಾಕುವ ಮೊದಲು ಆ ಸಾಲಿನ ಮೇಲೆ ಬೆರಳಿಟ್ಟು, "ಇದೇನ್ರೀ ಇದು?" ಎಂದು ಕೇಳಿದ್ದಳು. "ಅದು ಎಲ್ಲಾರಿಗೂ ಹಾಕೋದವ್ವ, ಯಾರೂ ನೋಡಂಗಿಲ್ಲ" ಎಂದಿದ್ದ. ಅವಳ ಮುಖ ನೆನಪಿಲ್ಲ. ಬೆರಳು ನೆನಪಿದೆ. ಉಗುರಿಗೆ ಹಚ್ಚಿದ ಗೋರಂಟಿ ಅರ್ಧ ಬೆಳೆದು ಮೇಲಕ್ಕೆ ಹೋಗಿತ್ತು.

ಪ್ರಿಂಟು ತೆಗೆಯುವಷ್ಟರಲ್ಲಿ ಶೈಲಶ್ರೀಯ ಫೋನು ಬಂತು. ನಿನ್ನೆ ಸಂಜೆ ಅವನೇ ಬಜಾರಿನಿಂದ ತಂದಿದ್ದ ನೀರು ಕಾಯಿಸುವ ರಾಡನ್ನು ಅವಳು ಬಕೆಟಿಗೆ ಇಳಿಬಿಟ್ಟು ಸ್ವಿಚ್ಚು ಹಾಕಿದ್ದಳು. "ಹಚ್ಚಿ ಐದು ನಿಮಿಷ ಆಗಿಲ್ಲ, ಢಪ್ಪಂತ ಕರೆಂಟ್ ಹೋತ್ರಿ. ಮ್ಯಾಲಿನವ್ರದ್ದೂ ಹೋತು. ಅವ್ರು ಇಳಿದು ಬಂದು ಪಡಸಾಲ್ಯಾಗ ನಿಂತಾರ. ನೀವು ಬರ್ರಿ."

ವಿರೂಪಾಕ್ಷಪ್ಪ ಪಡಸಾಲೆಯಲ್ಲಿ ನಿಂತಿರಲಿಲ್ಲ, ಕುಳಿತಿದ್ದರು, ಉಚ್ಚೆಂಗಪ್ಪನದೇ ಕುರ್ಚಿಯಲ್ಲಿ. ಗಣಿಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ದನಿ ಎತ್ತಿ ಮಾತಾಡಿದವರಲ್ಲ. ಕಾಲ ಬಳಿ ಒದ್ದೆ ರಾಡು ಸತ್ತ ಹಾವಿನ ಹಾಗೆ ಬಿದ್ದಿತ್ತು. ಒಳಕೋಣೆಯ ಪರದೆಯ ಹಿಂದೆ ಪೂಜಿತಾ ಕೂಸನ್ನು ಎದೆಗೆ ಹಚ್ಚಿಕೊಂಡು ಮೂರು ಕಂಬಳಿಯೊಳಗೆ ಕುಳಿತಿರುವುದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು.

"ಕುಂದ್ರಿ ಉಚ್ಚೆಂಗಪ್ಪನೋರೇ" ಎಂದರು ವಿರೂಪಾಕ್ಷಪ್ಪ, ಅವನ ಮನೆಯಲ್ಲಿ ಅವನಿಗೇ. "ನಾ ಸಿಟ್ಟಾಗಿಲ್ಲ. ಹಳೇ ವೈರಿಂಗು, ಬೆಂಕಿ ಹತ್ತಿದ್ರ ನಿಮ್ಮ ಕೂಸಿಗೂ ಕಷ್ಟ, ನಮಗೂ ಕಷ್ಟ. ಮತ್ತ ಕರಾರ್ನಾಗ ಐತಲ್ಲ, ಹನ್ನೊಂದ್ರಾಗ. ನನಗ ಬರೀಲಿಕ್ಕೆ ಎಲ್ಲಿ ಬರ್ತಿತ್ತು? ನೀವಾ ಬರದ್ರಿ, ನೀವಾ ಓದಿ ಹೇಳಿದ್ರಿ, ನೀವಾ ಸಹಿ ಮಾಡಿದ್ರಿ."

"ಹೌದ್ರಿ. ಆದ್ರ ಬಾಣಂತಿ ಅದಾಳ್ರಿ. ಎರಡು ತಿಂಗಳ ಮಟ್ಟಿಗೆ ಆ ಸೋಲಾರ್ ವಾಲ್ವ್ ಒಂದು ಬಿಟ್ರ..."

"ಬಿಡಬಹುದು" ಎಂದರು ವಿರೂಪಾಕ್ಷಪ್ಪ. "ನಾನೂ ಹೆಣ್ಣು ಮಕ್ಕಳನ್ನ ಹೆತ್ತಾವ. ನಿಮಗ ಬಿಡಾಕ ನನಗೇನೂ ಇಲ್ಲ. ಹಿತ್ತಲ ಮನಿಯವರದ್ದು ಐತಲ್ಲ, ಅದು ಸಮಸ್ಯಾ. ಆಕಿಗೂ ಎಂಟು ತುಂಬೈತಿ. ತಾಯಿಲ್ಲ, ತವರಿಲ್ಲ, ಇಲ್ಲೇ ಕೂತು ಹಡಿತಾಳ. ನಿಮಗ ಬಿಟ್ಟೆ ಅಂದ್ರ ನಾಳೆ ಆತ ಬಂದು, ಅವ್ರಿಗೆ ಬಿಟ್ರಿ ನಮಗ್ಯಾಕ ಇಲ್ಲ ಅಂತಾನ. ಅಂತಾನೋ ಇಲ್ಲೋ? ನನ್ನ ಸೋಲಾರು ಎರಡು ಬಾಣಂತಿಗೆ ಸಾಲಂಗಿಲ್ಲ." ಎದ್ದು ನಿಂತು, ಅಂಗಿಯ ಸುಕ್ಕು ಸರಿಮಾಡಿಕೊಂಡರು. "ಅವ್ರ ಹನ್ನೊಂದು ತಿಂಗಳು ಹೋದ ತಿಂಗಳಾ ಮುಗದೈತಿ. ಖಾಲಿ ಮಾಡ್ರಿ ಅಂತ ಒಂದು ನೋಟಿಸು ಬರ್ದು ಕೊಡ್ರಿ. ವಕೀಲರ ಕಡಿಂದ ಬ್ಯಾಡ, ನನ್ನ ಹೆಸರಿಲೇ. ನಿಮ್ಮ ಕೈಯಾಗ ಬಂದ್ರ ಗಟ್ಟಿ ಇರ್ತೈತಿ. ಸಂಜಿಗೆ ವಾಲ್ವ್ ಬಿಡ್ತೀನಿ."

ಹಿತ್ತಲ ಮನೆಯೆಂದರೆ ಶೀಟು ಹೊದಿಸಿದ ಒಂದೂವರೆ ಕೋಣೆ. ಅದರಲ್ಲಿ ಟಿಪ್ಪರ್ ಓಡಿಸುವ ಕನಕರಾಜ್, ಅವನ ಹೆಂಡತಿ ಹುಲಿಗೆಮ್ಮ. ಪೂಜಿತಾ ಆಸ್ಪತ್ರೆಯಿಂದ ಬಂದ ದಿನ ಹುಲಿಗೆಮ್ಮ ಕೂಸಿನ ತಲೆಗೆ ಒಂದು ಕುಂಚಿಗೆ ತಂದುಕೊಟ್ಟಿದ್ದಳು, ತನ್ನ ಕೂಸಿಗೆಂದು ಹೊಲಿದಿಟ್ಟಿದ್ದರಲ್ಲಿ ಒಂದು. ಹೊಸ್ತಿಲಲ್ಲೇ ಕುಳಿತು, "ಭಾಳ ನೋವಾಕೈತೇನಕ್ಕ?" ಎಂದು ಕೇಳಿ, ಪೂಜಿತಾ ಏನು ಹೇಳಿದಳೋ, ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದರು. ಈಗ ಪರದೆಯ ಹಿಂದೆ ಕೂಸು ಒಂದು ಸಲ ಮುಲುಗಿತು. ಅಳುವುದಕ್ಕೂ ಅದರಲ್ಲಿ ಶಕ್ತಿ ಇರಲಿಲ್ಲ, ಬೆಕ್ಕಿನ ಮರಿಯ ಹಾಗೆ ಅಷ್ಟೇ. ಶೈಲಶ್ರೀ ಗಂಡನ ಮುಖ ನೋಡಲಿಲ್ಲ. ಬಗ್ಗಿ ರಾಡನ್ನು ಎತ್ತಿಕೊಂಡು, ಅದರ ವೈರನ್ನು ಸುತ್ತಿ, ಮತ್ತೆ ಬಿಚ್ಚಿ, ಮತ್ತೆ ಸುತ್ತಿದಳು. "ಆಯ್ತ್ರಿ" ಎಂದ ಉಚ್ಚೆಂಗಪ್ಪ.

ಮಳಿಗೆಗೆ ವಾಪಸು ನಡೆಯುವಾಗ ಕಾನೂನು ಅವನ ಜೊತೆಗೇ ನಡೆಯಿತು. ಅವಧಿ ಮುಗಿದ ಮೇಲೂ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ತಿಂಗಳಿಂದ ತಿಂಗಳಿಗೆ ಬಾಡಿಗೆ ಮುಂದುವರಿದ ಲೆಕ್ಕ. ಹದಿನೈದು ದಿನದ ನೋಟಿಸು ಕೊಡಬೇಕು. ನೋಟಿಸು ಕೊಟ್ಟ ಮಾತ್ರಕ್ಕೆ ಯಾರನ್ನೂ ಹೊರಗೆ ಹಾಕುವಂತಿಲ್ಲ, ನ್ಯಾಯಾಲಯದ ಆದೇಶ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಅಷ್ಟರಲ್ಲಿ ಹುಲಿಗೆಮ್ಮನ ಕೂಸು ಅಂಬೆಗಾಲಿಡುತ್ತದೆ. ಮಾಲಕ ನೀರು, ಕರೆಂಟು ಕಡಿಯುವಂತಿಲ್ಲ ಎಂದೂ ಇದೆ. ವಕೀಲರಿಗೆ ಟೈಪ್ ಮಾಡಿಕೊಟ್ಟ ಅರ್ಜಿಗಳಲ್ಲಿ ಎಷ್ಟು ಸಲ ಹೊಡೆದಿದ್ದಾನೆ ಅದನ್ನು. ನೀರು ಎಂದಿದೆ. ಬಿಸಿನೀರು ಎಂದು ಎಲ್ಲಿಯೂ ಇಲ್ಲ. ಅದನ್ನು ಬರೆದವನು ತನ್ನ ಹಾಗೆ ಸಂದು ಮುಚ್ಚುವವನಾಗಿರಲಿಲ್ಲ, ಅಥವಾ ಬಿಸಿನೀರಿಗೂ ಒಂದು ಕಾನೂನು ಬೇಕಾಗಬಹುದು ಎಂದು ಅವನಿಗೆ ಹೊಳೆದಿರಲಿಲ್ಲ. ಹೊಳೆದದ್ದು ಉಚ್ಚೆಂಗಪ್ಪನಿಗೆ, ಬೇರೆ ದಿಕ್ಕಿನಿಂದ, ತಡೆಯುವುದಕ್ಕೆ. ಬಸ್‌ಸ್ಟ್ಯಾಂಡಿನ ಹತ್ತಿರ ದೋಣಿಮಲೈ ಕಡೆಯ ಸಿಬ್ಬಂದಿ ಬಸ್ಸು ನಿಂತಿತ್ತು. ಕಂಪನಿ ಕ್ವಾರ್ಟರ್ಸಿನಲ್ಲಿರುವವರ ಮುಖಗಳು ಕಿಟಕಿಯಲ್ಲಿ ಸಾಲಾಗಿ ಕಂಡವು. ಅವರಲ್ಲಿ ಯಾರೂ ಬಿಸಿನೀರಿನ ಬಗ್ಗೆ ಯೋಚಿಸುತ್ತಿಲ್ಲ ಎಂದು ಅವನಿಗೆ ಖಚಿತವಾಗಿ ಅನ್ನಿಸಿತು. ಸುಮ್ಮನೆ ಅವರ ಮೇಲೆ ಸಿಟ್ಟು ಬಂತು.

ನೋಟಿಸನ್ನು ಚೆನ್ನಾಗಿ ಬರೆಯುವುದಿಲ್ಲ, ಯಾರು ನೋಡಿದರೂ ಪೊಳ್ಳು ಎಂದು ತಿಳಿಯುವ ಹಾಗೆ ಬರೆಯುತ್ತೇನೆ ಎಂದುಕೊಂಡೇ ಅವನು ಕೀಲಿಮಣೆಯ ಮುಂದೆ ಕುಳಿತದ್ದು. 'ತಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂದು ಹೊಡೆದ ಮೇಲೆ ಕೈ ನಿಲ್ಲಲಿಲ್ಲ. 'ಸದರಿ ಕರಾರಿನ ಅವಧಿಯು ಈಗಾಗಲೇ ಮುಕ್ತಾಯಗೊಂಡಿದ್ದು' ಎಂದಾಯಿತು. 'ಸ್ವಂತ ಉಪಯೋಗಕ್ಕೆ ಅತ್ಯವಶ್ಯವಿರುವುದರಿಂದ' ಎಂದಾಯಿತು; ಅದು ವಿರೂಪಾಕ್ಷಪ್ಪ ಹೇಳಿದ್ದಲ್ಲ, ಅವನೇ ಸೇರಿಸಿದ್ದು. 'ತಪ್ಪಿದಲ್ಲಿ ಮುಂದಿನ ಎಲ್ಲ ಕಷ್ಟನಷ್ಟಗಳಿಗೆ ತಾವೇ ಹೊಣೆಗಾರರಾಗತಕ್ಕದ್ದು' ಎಂಬಲ್ಲಿ 'ತಾವೇ' ಎಂಬುದನ್ನು ಅಳಿಸಿ 'ತಾವುಗಳೇ' ಎಂದು ತಿದ್ದಿದ, ಗಂಡ ಹೆಂಡತಿ ಇಬ್ಬರಿಗೂ ತಗಲುವ ಹಾಗೆ. ಓದಿ ನೋಡಿದ. ಸಂದಿರಲಿಲ್ಲ. ಪತ್ರದ ಕೊನೆಗೆ ಬರೆದವನು ತನ್ನ ಹೆಸರು ಹಾಕುವ ಬಿಕ್ಕಲಂ ಎಂಬ ಸಾಲು ನೋಟಿಸಿಗೆ ಬೇಕಾಗುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಸಾಲಿನ ಜಾಗ ಖಾಲಿ ಇರುವುದು ಅವನಿಗೆ ಸಮಾಧಾನ ಕೊಟ್ಟಿತು, ಮತ್ತು ಆ ಸಮಾಧಾನವೇ, ಬಾಯಲ್ಲಿ ಮುರಿದ ಹಲ್ಲಿನ ಚೂರಿನ ಹಾಗೆ, ಮನೆ ಮುಟ್ಟುವವರೆಗೆ ನಾಲಗೆಗೆ ತಾಕುತ್ತಿತ್ತು.

ನೋಟಿಸು ಕೈಗೆ ಬಂದ ಮೇಲೆ, ನಾಲ್ಕು ಗಂಟೆಗೆ, ವಿರೂಪಾಕ್ಷಪ್ಪ ವಾಲ್ವಿನ ಬೀಗ ತೆಗೆದರು. ಪೈಪಿನೊಳಗೆ ಗಾಳಿ ಕೆಮ್ಮಿತು, ತುಕ್ಕಿನ ನೀರು ಬಂತು, ತಣ್ಣೀರು ಬಂತು, ಆಮೇಲೆ ಶೈಲಶ್ರೀ "ಹಾ" ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು. ಸುಟ್ಟಿತ್ತು. ಅವಳು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಕ್ಕಳು. ಹದಿಮೂರು ದಿನದಲ್ಲಿ ಅವಳು ನಕ್ಕದ್ದನ್ನು ಅವನು ನೋಡಿರಲಿಲ್ಲ. ಬಚ್ಚಲಿನ ಬಾಗಿಲು ಮುಚ್ಚಿತು. ಒಳಗೆ ತಂಬಿಗೆ ತಂಬಿಗೆ ನೀರು ಬೀಳುವ ಸದ್ದು, "ಅವ್ವಾ ಭಾಳ ಬಿಸಿ", "ಇರ್ಲಿ ಇರ್ಲಿ, ನಡಾ ಬಗ್ಗಿಸು" ಎಂಬ ಮಾತು, ಅರಿಸಿನದ, ಎಣ್ಣೆಯ, ಬಿಸಿ ಮೈಯ ವಾಸನೆ ಬಾಗಿಲ ಕೆಳಗಿನಿಂದ ಪಡಸಾಲೆಗೆ ಬಂತು. ಉಚ್ಚೆಂಗಪ್ಪ ಕೂಸನ್ನು ಅಂಗಿಯೊಳಗೆ ಎದೆಗೆ ಹಚ್ಚಿಕೊಂಡು ಕುಳಿತಿದ್ದ. ಅವನು ಕಣ್ಣು ಮುಚ್ಚಿದ. ಇಷ್ಟೇ ಅಲ್ಲವೇ ಬೇಕಾಗಿದ್ದದ್ದು, ಒಂದು ಚಕ್ರ ತಿರುಗಿಸುವುದು. ಸ್ನಾನ ಮುಗಿಸಿ ಕೆಂಪಗಾಗಿ ಬಂದ ಪೂಜಿತಾ, ತಲೆಗೆ ಬಟ್ಟೆ ಬಿಗಿದುಕೊಂಡು ಹಾಸಿಗೆಯಲ್ಲಿ ಕುಳಿತವಳು, "ಹೆಂಗ ಬಿಟ್ರಪ್ಪ ಅವ್ರು?" ಎಂದಳು. "ಮಾತಾಡಿದೆ" ಎಂದ. "ಏನಂತ ಮಾತಾಡಿದಿ?" ಅವನು ಕೂಸನ್ನು ಅವಳ ತೊಡೆಯ ಮೇಲೆ ಇಟ್ಟು ಪರದೆ ಎಳೆದ. ಬೆಳಿಗ್ಗೆ ಆ ಪರದೆಯ ಹಿಂದೆ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳೇ, ಇಲ್ಲ ನಿದ್ದೆಯಲ್ಲಿದ್ದಳೇ ಎಂದು ಅವನು ಕೇಳಲಿಲ್ಲ. ಎಮ್ಮಿಗನೂರಿನ ಫೋನು ಬಂದಾಗ ಶೈಲಶ್ರೀ ಬೇಕೆಂದೇ ದೊಡ್ಡ ದನಿಯಲ್ಲಿ, "ನೀರಿಗೇನ್ ತ್ರಾಸ್ರೀ ಬೀಗರೆ, ಸುಡಾ ಸುಡಾ ನೀರು" ಎಂದಳು.

ಏಳಕ್ಕೆ ಬಾಗಿಲು ಬಡಿದದ್ದು ಕನಕರಾಜ್. ಕೆಲಸದಿಂದ ಬಂದವನು ಮುಖ ತೊಳೆದಿರಲಿಲ್ಲ, ರೆಪ್ಪೆಯ ಮೇಲೆ ಕೆಂಪು ಧೂಳು ಹಾಗೇ ಇತ್ತು. ಅವನ ಹಿಂದೆ ಹುಲಿಗೆಮ್ಮ, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು. ಉಚ್ಚೆಂಗಪ್ಪ ಬಾಗಿಲನ್ನು ಅರ್ಧ ತೆಗೆದು ನಿಂತ. ಕನಕರಾಜ್ ಕಾಗದವನ್ನು ಎರಡು ಕೈಯಲ್ಲಿ ಮುಂದೆ ಹಿಡಿದ, ಪ್ರಸಾದ ಕೊಡುವವನ ಹಾಗೆ.

"ಕಾಕಾ, ಇದನ್ನ ಮಾಲಕ್ರು ಕೊಟ್ಟಾರ. ನಾ ಓದಿದೆ, ತಿಳೀಲಿಲ್ಲ. ಇದು ಕೋರ್ಟಿನ ಕನ್ನಡ ಐತಿ. ನೀವು ಇಂಥಾವು ದಿನಾ ನೋಡಾವ್ರು."

ಅವನು ಕಾಗದ ತೆಗೆದುಕೊಂಡು ದೀಪದ ಕಡೆ ತಿರುಗಿಸಿದ. ಕನ್ನಡಕ ಬೇಕಾಗಿರಲಿಲ್ಲ, ಹಾಕಿಕೊಂಡ. ತನ್ನದೇ ವಾಕ್ಯಗಳನ್ನು ಮೊದಲ ಸಲ ನೋಡುವವನ ಹಾಗೆ ತುಟಿ ಅಲುಗಿಸುತ್ತ ಓದಿದ. "ಹದಿನೈದು ದಿನದಾಗ ಖಾಲಿ ಮಾಡ್ಬೇಕಂತ ಐತಿ" ಎಂದ.

"ಈಕಿದು ದಿನ ತುಂಬ್ಯಾವು ಕಾಕಾ. ಈಗ ಎಲ್ಲಿಗೆ ಅಂತ ಹೋಗೋದು? ಬಸುರಿ ಅಂದ್ರ ಯಾರೂ ಮನಿ ಕೊಡಂಗಿಲ್ಲ, ನೋಡಿ ಬಂದೀನಿ, ಮೂರು ಕಡಿ ಕೇಳಿ ಬಂದೀನಿ ಈಗ. ಎಲ್ಲಾರೂ ಒಂದಾ ಮಾತು, ಕರಾರ್ನಾಗ ಬಾಣಂತನ ಇಲ್ಲಂತ." ಕನಕರಾಜ್ ದನಿ ತಗ್ಗಿಸಿದ. "ಮಾಡ್ಲಿಲ್ಲಾಂದ್ರ ಏನಾಕೈತಿ? ಪೊಲೀಸ್ರನ್ನ ಕರಸ್ತಾರೇನು? ನೀವು ಮಾಡ್ಬ್ಯಾಡ ಅಂದ್ರ ಮಾಡಂಗಿಲ್ಲ. ನೀವು ಹೇಳಿದಂಗ ಕೇಳ್ತೀನಿ."

ಒಂದೇ ವಾಕ್ಯ ಸಾಕಾಗಿತ್ತು. ಇದಕ್ಕೆ ಬೆಲೆಯಿಲ್ಲ, ಕೋರ್ಟಿನ ಆದೇಶ ಬರುವವರೆಗೆ ಕದಲಬೇಡ. ಅದು ಬಾಯಿಯವರೆಗೆ ಬಂದದ್ದು ನಿಜ. ಅದರ ಬೆನ್ನಿಗೇ ಮೆಟ್ಟಿಲ ಪಕ್ಕದ ವಾಲ್ವು ಬಂತು, ಅದರ ಚಿಕ್ಕ ಹಿತ್ತಾಳೆ ಬೀಗ ಬಂತು, ವಿರೂಪಾಕ್ಷಪ್ಪನವರ ಇಸ್ತ್ರಿ ಮಾಡಿದ ಅಂಗಿ ಬಂತು. "ತಂಟೆ ಮಾಡ್ಕೋಬ್ಯಾಡಪ್ಪ" ಎಂದ ಉಚ್ಚೆಂಗಪ್ಪ. "ಅವ್ರು ದೊಡ್ಡೋರು. ಬಾಣಂತಿ ಕಾಲಕ್ಕ ಕೋರ್ಟು ಕಚೇರಿ ಚಲೋ ಅಲ್ಲ. ಬ್ಯಾರೆ ಕಡಿ ನೋಡ್ಕೊಂಡ್ಬಿಡ್ರಿ." ಒಳಗೆ ಪರದೆಯ ಉಂಗುರಗಳು ಒಂದು ಸಲ ಸರಿದ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ.

ಕನಕರಾಜ್ ತಲೆಯಾಡಿಸಿ ಕಾಗದವನ್ನು ಮಡಿಕೆಯ ಗುರುತಿನ ಮೇಲೇ ಮಡಿಚಿದ. "ನೀವಾದ್ರೂ ಖರೇ ಹೇಳಿದ್ರಿ ಬಿಡ್ರಿ" ಎಂದ. ಹುಲಿಗೆಮ್ಮ ಹೊಸ್ತಿಲ ಹತ್ತಿರ ಬಂದಳು. ಒಳಗಿನಿಂದ ಬರುತ್ತಿದ್ದ ಗಾಳಿಯನ್ನು ಮೂಗೆತ್ತಿ ಎಳೆದುಕೊಂಡು, "ಅಕ್ಕಾಗ ನೀರು ಎರದ್ರೇನ್ರಿ ಇವತ್ತು? ಬಿಸಿನೀರು ಬಂತಲ್ಲ ನಿಮಗ, ಚಲೋ ಆತು" ಎಂದಳು. ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. "ಕಾಕಾ, ನನ್ನ ಕಾಲು ಭಾಳ ಬಾತಾವ್ರಿ. ಒಂದು ತಂಬಿಗಿ ಕೊಟ್ರ ಉಪ್ಪು ಹಾಕಿ ಕಾಲು ಇಟ್ಕೋತೀನಿ. ಈ ಹದಿನೈದು ದಿನ ಅಷ್ಟಾ."

ಉಚ್ಚೆಂಗಪ್ಪ ಮೇಲಿನ ಮಹಡಿಯ ಕಡೆ ನೋಡಿದ. ಅಲ್ಲಿ ಟಿವಿಯ ಬೆಳಕು ಕಿಟಕಿಯಲ್ಲಿ ನೀಲಿಯಾಗಿ ಹಾರುತ್ತಿತ್ತು. "ಮಾಲಕ್ರನ್ನ ಕೇಳ್ಬೇಕವ್ವ" ಎಂದ. ಬಾಗಿಲ ಮೇಲೆ ಕೈಯಿಟ್ಟು, "ಥಂಡಿ ಗಾಳಿ ಒಳಗ ಬರ್ತೈತಿ. ಕೂಸು ಐತಿ" ಎಂದ.

"ಅಯ್ಯ, ಹೌದಲ್ರಿ, ನನಗ ಲಕ್ಷ್ಯಾನಾ ಇಲ್ಲ ನೋಡ್ರಿ" ಎಂದು ಹುಲಿಗೆಮ್ಮ ಗಂಡನನ್ನು ತೋಳು ಹಿಡಿದು ಹಿಂದಕ್ಕೆ ಸರಿಸಿದಳು. ಆಮೇಲೆ ಬಗ್ಗಲಾರದೆ ಬಗ್ಗಿ, ಹೊಸ್ತಿಲಿಗೆ ಸಿಕ್ಕಿಕೊಂಡಿದ್ದ ಕಾಲೊರೆಸುವ ಬಟ್ಟೆಯನ್ನು ಒಳಗೆ ತಳ್ಳಿ, ಹೊರಗಿನಿಂದ ತಾನೇ ಬಾಗಿಲನ್ನು ಎಳೆದು, ಸಂದು ಉಳಿಯದ ಹಾಗೆ ಮುಚ್ಚಿದಳು.